ಸೈಲೆನ್ಸರ್ ಬದಲಿಸುವ ಮುಂಚೆ: ಪಿಕಪ್‌ಗೆ ಮಾಡಿಸಿದ ಹೊಸ ಎಕ್ಸಾಸ್ಟ್ ತೊಂದರೆ ಕೊಟ್ಟಾಗ ಏನೇನು ನೋಡಬೇಕು

ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಓಡುವ ಪಿಕಪ್‌ಗಳ ಸೈಲೆನ್ಸರ್ ಬಯಲುಸೀಮೆಯ ಗಾಡಿಗಳಷ್ಟು ಬಾಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ತೋಟದ ಕೆಸರು. ಓಡಾಟವೂ ಮನೆಯಿಂದ ತೋಟಕ್ಕೆ, ತೋಟದಿಂದ ಕಣಕ್ಕೆ, ಅಷ್ಟೇ. ಪೈಪು ಪೂರ್ತಿ ಬಿಸಿಯಾಗುವ ಮೊದಲೇ ಇಂಜಿನ್ ಆಫ್ ಆಗಿರುತ್ತದೆ. ಒಳಗೆ ಕೂತ ನೀರು ಆವಿಯಾಗಿ ಹೋಗುವುದೇ ಇಲ್ಲ, ಹಾಗಾಗಿ ತುಕ್ಕು ಒಳಗಿನಿಂದಲೇ ತಿನ್ನುತ್ತದೆ. ಕೊನೆಗೆ ಕಂಪನಿ ಸೈಲೆನ್ಸರ್ ಬೆಲೆ ಕೇಳಿ ಬೆಚ್ಚಿ, ಪೇಟೆಯ ವೆಲ್ಡಿಂಗ್ ಶಾಪ್‌ನಲ್ಲಿ ಪೈಪು ಬಗ್ಗಿಸಿ ಹೊಸದು ಮಾಡಿಸುವವರು ಬಹಳ ಜನ.

ಮಾಡಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಕೆಲವು ವಾರ ಕಳೆದ ಮೇಲೆ ಟಿಕ್ ಟಿಕ್, ಗಡಗಡ, ಇಲ್ಲವೇ ಕಿವಿಗೆ ಗುಂಯ್ ಅನ್ನುವ ಸದ್ದು ಶುರುವಾಗುತ್ತದೆ. ಎಲ್ಲರೂ ಮೊದಲು ಬೈಯುವುದು ಸೈಲೆನ್ಸರ್ ಡಬ್ಬಿಯನ್ನು. ನಾನು ನೋಡಿದ ಮಟ್ಟಿಗೆ ಡಬ್ಬಿಯ ತಪ್ಪು ಕಡಿಮೆ. ಜೋಡಿಸಿದ ಜಾಗ, ನೇತುಹಾಕಿದ ರೀತಿ, ಪಕ್ಕದ ಭಾಗಗಳಿಗೆ ಬಿಟ್ಟ ಸಂದು, ಈ ಮೂರರಲ್ಲೇ ತೊಂದರೆ ಜಾಸ್ತಿ. ಅದಕ್ಕೇ ಏನನ್ನೂ ಬಿಚ್ಚುವ ಮೊದಲು ಒಂದು ವಿಷಯ ಗಮನಿಸಿ: ಆ ಸದ್ದು ಅಥವಾ ವಾಸನೆ ಯಾವಾಗ ಬರುತ್ತದೆ? ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರವಾ? ಬಿಸಿಯಾದ ಮೇಲಾ? ಲೋಡ್ ಹಾಕಿದಾಗಲಾ? ಘಾಟಿ ಹತ್ತುವಾಗಲಾ? ಎರಡು ದಿನ ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಗಾಡಿಯ ಕೆಳಗೆ ನುಗ್ಗುವ ಮುಂಚೆ

ಪೈಪು ತಣ್ಣಗಾಗಲಿ. ಚಾರ್ಮಾಡಿ ಹತ್ತಿ ಬಂದ ಗಾಡಿಯ ಪೈಪು ಅರ್ಧ ಗಂಟೆ ಬಿಟ್ಟು ಮುಟ್ಟಿದರೂ ಚರ್ಮ ಸುಡಬಹುದು. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ, ಚಕ್ರಕ್ಕೆ ಕಲ್ಲು ಕೊಡಿ. ತೋಟದ ಮೆತ್ತನೆ ಮಣ್ಣಿನಲ್ಲಿ ಜ್ಯಾಕ್ ಹೂತುಹೋಗುತ್ತದೆ. ಗಟ್ಟಿ ನೆಲಕ್ಕೆ ತನ್ನಿ. ಮುಚ್ಚಿದ ಶೆಡ್ ಅಥವಾ ಗೋಡೌನ್ ಒಳಗೆ ಇಂಜಿನ್ ಓಡಿಸಿಕೊಂಡು ಸದ್ದು ಹುಡುಕಲೇಬೇಡಿ, ಹೊರಗೆ ಜಿಟಿಜಿಟಿ ಮಳೆ ಇದ್ದರೂ ಸರಿ.

ಇನ್ನೊಂದು ಮಾತು. 2020ರ ಏಪ್ರಿಲ್ 1ರಿಂದ ಮಾರಾಟವಾದ ಹೊಸ ಗಾಡಿಗಳೆಲ್ಲ ಬಿಎಸ್-6, ಅಂದರೆ ಹೊಗೆಗೆ ಬಿಗಿ ಮಿತಿ ಹಾಕಿದ ನಿಯಮಕ್ಕೆ ಒಳಪಟ್ಟವು. ಆ ಡೀಸೆಲ್ ಪಿಕಪ್‌ಗಳಲ್ಲಿ ಇಂಜಿನ್ನಿಗೂ ಸೈಲೆನ್ಸರ್‌ಗೂ ನಡುವೆ ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್, ಮಸಿ ಹಿಡಿಯುವ ಡಿಪಿಎಫ್, ಅದರ ಸೆನ್ಸರ್‌ಗಳು ಇರುತ್ತವೆ. ಅವನ್ನು ಮುಟ್ಟಬೇಡಿ, ಯಾರಿಗೂ ಕತ್ತರಿಸಲು ಬಿಡಬೇಡಿ. ಕಸ್ಟಮ್ ಕೆಲಸ ಏನಿದ್ದರೂ ಅವುಗಳ ಹಿಂದಿನ ಪೈಪಿನಲ್ಲಿ ಮಾತ್ರ.

ಕ್ಯಾಬಿನ್‌ನಲ್ಲಿ ಹೊಗೆ ವಾಸನೆ, ಕೂತವರಿಗೆ ತಲೆನೋವು

ಉಳಿದ ಹೆಚ್ಚಿನ ತೊಂದರೆಗಳನ್ನು ಒಂದು ವಾರ ಮುಂದೂಡಬಹುದು, ಇದನ್ನು ಆಗುವುದಿಲ್ಲ. ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೆಟ್ರೋಲ್ ಗಾಡಿಗಿಂತ ಡೀಸೆಲ್‌ನಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕಾರಣವಿಲ್ಲದೆ ತೂಕಡಿಕೆ ಬಂದರೆ ಗಾಡಿ ನಿಲ್ಲಿಸಿ ಎಲ್ಲರೂ ಕೆಳಗಿಳಿಯಿರಿ. ಗಾಳಿಗೆ ಬಂದ ಮೇಲೂ ಸರಿ ಹೋಗದಿದ್ದರೆ ಆಸ್ಪತ್ರೆಗೆ ಹೋಗಿ. ಯಾರಾದರೂ ಪ್ರಜ್ಞೆ ತಪ್ಪಿದರೆ ತಕ್ಷಣ 108ಕ್ಕೆ ಕರೆ ಮಾಡಿ.

ಮಳೆಗಾಲದಲ್ಲಿ ಹಿಂದಿನ ಡಾಲಾದಲ್ಲಿ ಟಾರ್ಪಾಲ್ ಹೊದ್ದು ಜನ ಕೂರುವುದನ್ನು ನಮ್ಮ ಕಡೆ ದಿನಾ ನೋಡುತ್ತೇವೆ. ಸರಕು ಗಾಡಿಯಲ್ಲಿ ಆಳುಗಳನ್ನು ಕರೆದೊಯ್ಯುವುದು ಕಾನೂನಿಗೂ ವಿರುದ್ಧ, ಅದು ಬೇರೆ ಮಾತು. ಪೈಪಿನ ಬಾಯಿ ಡಾಲಾದ ಕೆಳಗೇ ನಿಂತಿದ್ದರೆ ಹೊಗೆ ಟಾರ್ಪಾಲ್ ಒಳಗೆ ಸೇರುತ್ತದೆ. ಗಾಡಿ ಓಡುವಾಗ ಹಿಂಬದಿಯಲ್ಲಿ ಗಾಳಿಯ ಸೆಳೆತ ಇರುವುದರಿಂದ ಅದು ಹೊರಗೆ ಹೋಗುವ ಬದಲು ಒಳಕ್ಕೇ ಬರುತ್ತದೆ.

ಈಗ ಚೀಟಿ ನೋಡಿ. ಗಾಡಿ ನಿಂತು ಇಂಜಿನ್ ಓಡುವಾಗಲೇ ವಾಸನೆ ಬಂದರೆ ಸೋರಿಕೆ ಮುಂದುಗಡೆ, ಬಾನೆಟ್ ಅಥವಾ ಕ್ಯಾಬಿನ್ ಕೆಳಗೆ ಇದೆ. ಓಡುವಾಗ, ಅದರಲ್ಲೂ ಕಿಟಕಿ ತೆರೆದಾಗ ಮಾತ್ರ ಬಂದರೆ ಪೈಪಿನ ಬಾಯಿ ಗಿಡ್ಡವಾಗಿದೆ ಎಂದರ್ಥ. ಬಾಯಿಯನ್ನು ಬಾಡಿಯ ಅಂಚಿನಿಂದ ಸ್ವಲ್ಪ ಆಚೆಗೆ ತರಿಸಿ, ಖರ್ಚು ಒಂದಡಿ ಪೈಪು ಅಷ್ಟೇ. ಆಮೇಲೆ ಗೇರ್ ಲಿವರ್ ಬುಡದ ರಬ್ಬರ್ ಹರಿದಿದೆಯಾ, ನೆಲದಲ್ಲಿ ವೈರ್ ಹೋಗುವ ತೂತು ತೆರೆದಿದೆಯಾ ನೋಡಿ. ತೂತು ಮುಚ್ಚುವುದು ಒಳ್ಳೆಯದೇ. ಆದರೆ ತೂತು ಮುಚ್ಚಿ ವಾಸನೆ ನಿಂತಿತು ಅಂತ ಸೋರಿಕೆಯನ್ನು ಹಾಗೇ ಬಿಡಬೇಡಿ.

ಬೆಳಿಗ್ಗೆ ಟಿಕ್ ಟಿಕ್, ಬಿಸಿಯಾದ ಮೇಲೆ ಮಾಯ

ಹೊಲಿಗೆ ಯಂತ್ರದ ಹಾಗೆ ಒಂದೇ ಲಯದಲ್ಲಿ ಟಿಕ್ ಟಿಕ್ ಬಂದು, ಆಕ್ಸಿಲರೇಟರ್ ಒತ್ತಿದರೆ ಜೋರಾಗಿ, ಇಂಜಿನ್ ಬಿಸಿಯಾದ ಮೇಲೆ ಕಡಿಮೆಯಾದರೆ ಅದು ಹೆಚ್ಚಾಗಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಕೂಡಿಸಿ ಪೈಪಿಗೆ ಬಿಡುವ ಭಾಗ) ಕಡೆಯ ಸೋರಿಕೆ. ಜೋಡಣೆಯ ನಡುವಿನ ಗ್ಯಾಸ್ಕೆಟ್ ಹೋಗಿರಬಹುದು, ಅದನ್ನು ಇಂಜಿನ್ನಿಗೆ ಬಿಗಿಯುವ ಸ್ಟಡ್ ಒಂದು ಮುರಿದಿರಬಹುದು, ಬಿರುಕು ಬಿಟ್ಟಿರಬಹುದು. ಲೋಹ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ಮಾಯವಾಗುವುದು. ತನ್ನಷ್ಟಕ್ಕೆ ರಿಪೇರಿ ಆಯಿತು ಅಂದುಕೊಳ್ಳಬೇಡಿ.

ಮೊದಲು ಕಣ್ಣು. ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ಸುತ್ತ ನೋಡಿ. ಸೋರುವ ಕಡೆ ಕಪ್ಪು ಮಸಿ ಗೆರೆ ಎದ್ದು ಕಾಣುತ್ತದೆ. ಹೊಸ ಪೈಪಿನಲ್ಲಿ ಇದು ಇನ್ನೂ ಸುಲಭ, ಹಳೆಯ ಕೊಳೆ ಇರುವುದಿಲ್ಲವಲ್ಲ.

ಆಮೇಲೆ ಕಿವಿ. ಗಾಡಿ ಬಯಲಲ್ಲಿರಲಿ, ಇಂಜಿನ್ ತಣ್ಣಗಿರಲಿ. ಸ್ಟಾರ್ಟ್ ಮಾಡಿದ ಮೊದಲ ನಿಮಿಷದೊಳಗೆ ಒಬ್ಬರು ದಪ್ಪ ಕೈಗವಸು ಹಾಕಿ, ಒದ್ದೆ ಗೋಣಿ ಬಟ್ಟೆಯನ್ನು ಪೈಪಿನ ಬಾಯಿಗೆ ಕೆಲವೇ ಸೆಕೆಂಡು ಒತ್ತಿ ಹಿಡಿಯಲಿ. ಮುಖ ಪಕ್ಕಕ್ಕಿರಲಿ. ಸಿಸ್ಟಮ್ ಗಟ್ಟಿಯಿದ್ದರೆ ಒತ್ತಡ ಬಟ್ಟೆಯನ್ನು ತಳ್ಳುತ್ತದೆ. ಸೋರುತ್ತಿದ್ದರೆ ಆ ಜಾಗದಿಂದ ಬುಸ್ ಎಂಬ ಸದ್ದು ಜೋರಾಗುತ್ತದೆ. ಇನ್ನೂ ಅನುಮಾನ ಇದ್ದರೆ ಇಂಜಿನ್ ಆಫ್ ಮಾಡಿ, ತಣ್ಣನೆ ಪೈಪಿನ ಬಾಯಿಗೆ ಬ್ಲೋವರ್ ಹಿಡಿದು ಗಾಳಿ ಊದಿಸಿ. ಜಾಯಿಂಟ್‌ಗಳ ಮೇಲೆ ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಎದ್ದ ಕಡೆಯೇ ತೂತು. ಸೂಜಿಮೊನೆಯಷ್ಟು ವೆಲ್ಡಿಂಗ್ ತೂತೂ ಇದರಲ್ಲಿ ಸಿಗುತ್ತದೆ.

ಸೋರಿಕೆ ಎಲ್ಲಿದೆ ಅನ್ನುವುದರ ಮೇಲೆ ಅದರ ತೂಕ. ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೊಗಿಂತ ಮುಂಚೆ ಸೋರಿದರೆ ಟರ್ಬೊ ತಿರುಗಿಸಬೇಕಾದ ಗಾಳಿಯೇ ಪೋಲಾಗುತ್ತದೆ, ಎಳೆತ ಬೀಳುತ್ತದೆ, ಕಪ್ಪು ಹೊಗೆ ಬರಬಹುದು. ಟರ್ಬೊ ಮತ್ತು ಡಿಪಿಎಫ್ ಎರಡನ್ನೂ ದಾಟಿದ ಮೇಲೆ ಸೋರಿದರೆ ಇಂಜಿನ್ನಿಗೆ ತೊಂದರೆ ಇಲ್ಲ, ಸದ್ದು, ವಾಸನೆ ಮಾತ್ರ; ವಾಸನೆ ಕ್ಯಾಬಿನ್‌ಗೆ ಬಂದರೆ ಮಾತ್ರ ಮೇಲೆ ಹೇಳಿದ ಎಚ್ಚರ ಬೇಕು. ಪೆಟ್ರೋಲ್ ಪಿಕಪ್‌ನಲ್ಲಿ ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ತೂತಿದ್ದರೆ ಹೊರಗಿನ ಗಾಳಿ ಒಳಗೆ ಎಳೆಯುತ್ತದೆ. ಪೆಟ್ರೋಲ್ ಕಡಿಮೆಯಾಯಿತು ಎಂದು ಸೆನ್ಸರ್ ತಪ್ಪಾಗಿ ಹೇಳುತ್ತದೆ, ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಸುಮ್ನೆ ಜಾಸ್ತಿ ಪೆಟ್ರೋಲ್ ಕೊಡುತ್ತದೆ. ಮೈಲೇಜ್ ಬಿದ್ದರೆ ಇದನ್ನೂ ನೋಡಿ.

ರಿಪೇರಿಯೂ ಇದೇ ಕ್ರಮದಲ್ಲಿರಲಿ. ಮೊದಲು ಬೋಲ್ಟ್ ಬಿಗಿ ಮಾಡಿ. ಹೊಸ ಗ್ಯಾಸ್ಕೆಟ್ ಹಾಕಿ ಕೆಲವು ದಿನ ಓಡಿಸಿದ ಮೇಲೆ ತಣ್ಣಗಿರುವಾಗ ಒಮ್ಮೆ ಬಿಗಿ ನೋಡಲೇಬೇಕು, ಎಷ್ಟೋ ಕಡೆ ಇಷ್ಟರಲ್ಲೇ ಮುಗಿಯುತ್ತದೆ. ನಿಲ್ಲದಿದ್ದರೆ ಗ್ಯಾಸ್ಕೆಟ್. ಅದೂ ಆಗದಿದ್ದರೆ ಫ್ಲೇಂಜ್ (ಪೈಪಿನ ತುದಿಯಲ್ಲಿ ಬೋಲ್ಟ್ ಹಾಕುವ ಚಪ್ಪಟೆ ಪ್ಲೇಟ್) ಬಿಚ್ಚಿ ಸ್ಟೀಲ್ ಸ್ಕೇಲ್ ಇಟ್ಟು ನೇರ ಇದೆಯಾ ನೋಡಿ. ತೆಳ್ಳನೆ ಪ್ಲೇಟಿನಲ್ಲಿ ಕತ್ತರಿಸಿದ ಫ್ಲೇಂಜ್ ವೆಲ್ಡಿಂಗ್ ಬಿಸಿಗೇ ಸೊಟ್ಟಗಾಗಿರುತ್ತದೆ. 8ರಿಂದ 10 ಎಂಎಂ ದಪ್ಪದ್ದು ಹಾಕಿಸಿದರೆ ಆ ತಲೆನೋವಿಲ್ಲ. ಎಪಾಕ್ಸಿ ಪುಟ್ಟಿ, ಸಾಮಾನ್ಯ ಸಿಲಿಕೋನ್ ಮೆತ್ತಿ ಮುಚ್ಚುವವರಿದ್ದಾರೆ. ಇಂಜಿನ್ ಹತ್ತಿರದ ಬಿಸಿಗೆ ಅವು ಸುಟ್ಟು ಉದುರುತ್ತವೆ.

ಮ್ಯಾನಿಫೋಲ್ಡ್ ಸ್ಟಡ್ ತಿರುಗದೆ ಹಟ ಮಾಡಿದರೆ ಅಲ್ಲಿಗೇ ನಿಲ್ಲಿಸಿ. ಅದು ಸಿಲಿಂಡರ್ ಹೆಡ್‌ನೊಳಗೆ ಮುರಿದರೆ ಆ ಹೆಡ್ ಬಿಚ್ಚುವವರೆಗೂ ಹೋಗಬಹುದು. ಅದು ಒಳ್ಳೆಯ ಮೆಕ್ಯಾನಿಕ್‌ನ ಕೆಲಸ.

ಗುಂಡಿ ಹಾರಿದಾಗ ಧಡ್, ತಿರುವಿನಲ್ಲಿ ಕಟ್

ಕಸ್ಟಮ್ ಎಕ್ಸಾಸ್ಟ್‌ಗಳಲ್ಲಿ ನನಗೆ ಅತಿ ಹೆಚ್ಚು ಸಿಕ್ಕಿರುವ ದೂರು ಇದು. ಕಾರಣವೂ ಸರಳ. ಲಿಫ್ಟಿನ ಮೇಲೆ ಚಕ್ರ ನೇತಾಡುವಾಗ ಪೈಪು ಅಳತೆ ಮಾಡಿರುತ್ತಾರೆ. ಆಗ ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ಆಕ್ಸಲ್ ಇರುವ ಕವಚ) ಕೆಳಗಿಳಿದಿರುತ್ತದೆ, ಅದರ ಮೇಲೆ ಬೇಕಾದಷ್ಟು ಜಾಗ ಕಾಣುತ್ತದೆ. ಗಾಡಿ ನೆಲಕ್ಕಿಳಿದು, ಮೇಲೆ ಕಾಫಿ ಮೂಟೆ ಬಿದ್ದಾಗ ಲೀಫ್ ಸ್ಪ್ರಿಂಗ್ ಬಾಗಿ ಹೌಸಿಂಗ್ ಮೇಲಕ್ಕೆ ಬರುತ್ತದೆ. ಪೈಪಿಗೆ ತಗಲುತ್ತದೆ. ಲೋಡ್ ಇದ್ದಾಗ ಮಾತ್ರ ಬಡಿತ ಎಂದು ಚೀಟಿಯಲ್ಲಿದ್ದರೆ ಉತ್ತರ ಸಿಕ್ಕಿತು ಅಂತಲೇ.

ಖಾತ್ರಿ ಮಾಡಿಕೊಳ್ಳಲು ಖರ್ಚೇ ಇಲ್ಲದ ದಾರಿ ಇದೆ. ಪೈಪು ತಣ್ಣಗಿರುವಾಗ ಹೌಸಿಂಗಿನ ಮೇಲೆ, ಪೈಪಿನ ನೇರಕ್ಕೆ ಗಟ್ಟಿಯಾಗಿ ಕಲಸಿದ ಗೋಧಿ ಹಿಟ್ಟಿನ ಉಂಡೆ ಅಂಟಿಸಿ. ಲೋಡ್ ಹಾಕಿ, ಕಲ್ಲು ದಾರಿಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ಚಪ್ಪಟೆಯಾದ ಹಿಟ್ಟು ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ಸಂದು. ತೀರಾ ತೆಳ್ಳಗಾಗಿದ್ದರೆ ಪೈಪಿನ ಬಾಗು ಬದಲಿಸಲೇಬೇಕು, ರಬ್ಬರ್ ಬದಲಿಸಿ ಪ್ರಯೋಜನವಿಲ್ಲ.

ಬೇರೆ ಜಾಗಗಳಲ್ಲಿ ಉಜ್ಜಿದ ಗುರುತು ಹುಡುಕಿ. ಹೊಳೆಯುವ ಲೋಹ ಅಥವಾ ಪೇಂಟ್ ಕಿತ್ತ ಪಟ್ಟಿ ಕಾಣುತ್ತದೆ. ಚಾಸಿಸ್, ಸ್ಟೆಪ್ನಿ, ಪ್ರೊಪೆಲ್ಲರ್ ಶಾಫ್ಟ್ ಪಕ್ಕ ನೋಡಿ. ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗ್‌ಗಳ ಹತ್ತಿರ ಎರಡು ಮೂರು ಇಂಚಾದರೂ ಸಂದು ಬೇಕು, ಇಲ್ಲದಿದ್ದರೆ ನಡುವೆ ಬಿಸಿ ತಡೆಯುವ ತಗಡು, ಅಂದರೆ ಹೀಟ್ ಶೀಲ್ಡ್ ಬೇಕು. ಬ್ರೇಕಿನ ರಬ್ಬರ್ ಪೈಪು ಬಿಸಿಗೆ ಮೆತ್ತಗಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಗಾಡಿ ಓಡಿಸಬೇಡಿ. ಶಿರಾಡಿ ಇಳಿಯುವಾಗ ಅದು ಒಡೆದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ.

ಬಡಿತ ಅಲ್ಲ, ಬರೀ ಚರಚರ ಸದ್ದು, ಅದೂ ಒಂದು ಸ್ಪೀಡಿನಲ್ಲಿ ಮಾತ್ರ ಬಂದರೆ ಮೊದಲು ಹೀಟ್ ಶೀಲ್ಡ್ ಅನುಮಾನಿಸಿ. ತಣ್ಣಗಿರುವಾಗ ಕೈಯಿಂದ ತಟ್ಟಿದರೆ ಗೊತ್ತಾಗುತ್ತದೆ. ದೊಡ್ಡ ಸ್ಟೀಲ್ ಹೋಸ್ ಕ್ಲಿಪ್ ಸುತ್ತಿ ಬಿಗಿದರೆ ಸಾಕು. ಆಮೇಲೆ ಪೈಪು ನೇತುಹಾಕಿದ ಹ್ಯಾಂಗರ್ ರಬ್ಬರ್ ಹರಿದಿದೆಯಾ ನೋಡಿ. ಕೊನೆಗೆ ಡಬ್ಬಿಯನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ. ಒಳಗೆ ಏನೋ ಉರುಳಿದಂತೆ ಕೇಳಿದರೆ ಒಳಗಿನ ತಗಡು ಕಿತ್ತಿದೆ. ಈ ಒಂದು ಸಂದರ್ಭದಲ್ಲಿ ಮಾತ್ರ ಡಬ್ಬಿ ಬದಲಿಸುವುದು ನ್ಯಾಯ.

ಒಂದೇ ಸ್ಪೀಡಿನಲ್ಲಿ ಗುಂಯ್, ಕಿವಿ ಮುಚ್ಚಿದಂತೆ

ನಾಲ್ಕು ಸಿಲಿಂಡರ್ ಇಂಜಿನ್ 2,000 ಆರ್‌ಪಿಎಂನಲ್ಲಿ ತಿರುಗುವಾಗ ಸೆಕೆಂಡಿಗೆ ಸುಮಾರು 67 ಸಲ ಉರಿಯುತ್ತದೆ. ಆ ಮಿಡಿತ ಪೈಪಿನ ಉದ್ದಕ್ಕೋ ಕ್ಯಾಬಿನ್ನಿನ ತಗಡಿಗೋ ಹೊಂದಿಕೊಂಡರೆ ಗುಂಯ್‌ಗುಡುತ್ತದೆ. ಸ್ಪೀಡ್ ಸ್ವಲ್ಪ ಬದಲಿಸಿದರೆ ನಿಲ್ಲುವುದೇ ಇದರ ಗುರುತು.

ಸುಲಭದ್ದು ಮೊದಲು: ಪೈಪು ಎಲ್ಲಾದರೂ ಚಾಸಿಸ್‌ಗೆ ಲೋಹಕ್ಕೆ ಲೋಹ ತಗಲಿದೆಯಾ? ರಬ್ಬರ್ ಇಲ್ಲದೆ ನೇರ ಕ್ಲಾಂಪ್ ಹೊಡೆದಿದ್ದಾರಾ? ಹಾಗಿದ್ದರೆ ನಡುಕವೆಲ್ಲ ಬಾಡಿಗೇ ಹೋಗುತ್ತದೆ. ರಬ್ಬರ್ ಹ್ಯಾಂಗರ್ ಹಾಕಿಸಿ. ಆಮೇಲೆ ಬಾಯಿ ಡಾಲಾದ ಕೆಳಗೆ ನಿಂತಿದೆಯಾ ನೋಡಿ, ತಗಡಿಗೆ ಬಡಿದ ಸದ್ದು ತಿರುಗಿ ಬರುತ್ತದೆ. ಇದೆರಡೂ ಸರಿಯಿದ್ದರೆ ನಡುವೆ ಆ ಗುಂಯ್ ಸದ್ದು ತಗ್ಗಿಸುವ ಸಣ್ಣ ಡಬ್ಬಿ, ಅಂದರೆ ರೆಸೊನೇಟರ್ ಕೂರಿಸಬೇಕು. ಒಳಗೆ ತಡೆಯೇ ಇಲ್ಲದ, ನೇರ ತೂತಿನ ಸೈಲೆನ್ಸರ್ ಹಾಕಿಸಿದ್ದರೆ ಈ ದೂರು ಬರುವುದೇ ಸಹಜ. ಗತ್ತಿನ ಸದ್ದು ಬೇಕು ಅಂತ ಹಾಕಿಸಿ ಆಮೇಲೆ ತಲೆ ನೋಯುತ್ತದೆ ಎಂದರೆ ಹೇಗೆ?

ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಗಾಡಿಯ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡುವುದಕ್ಕೆ 52ನೇ ಕಲಂ ಅಡ್ಡ ಬರುತ್ತದೆ. ಕಂಪನಿ ಸೈಲೆನ್ಸರ್‌ನಷ್ಟೇ ಮೆತ್ತಗಿನ ಸದ್ದು ಬರುವ ಹಾಗೆ ಮಾಡಿಸಿ.

ಘಾಟಿಯಲ್ಲಿ ಎಳೆಯುತ್ತಿಲ್ಲ

ಪೈಪು ಮಾಡಿಸಿದ ಮರುದಿನದಿಂದಲೇ ಎಳೆತ ಬಿದ್ದರೆ ಪೈಪನ್ನು ಅನುಮಾನಿಸಿ. ನಿಧಾನವಾಗಿ ಬಿದ್ದರೆ ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ನೋಡಿ, ಟರ್ಬೊದ ರಬ್ಬರ್ ಹೋಸ್ ಹರಿದಿದೆಯಾ ನೋಡಿ. ಇವು ಕಡಿಮೆ ಖರ್ಚಿನವು. ಎಕ್ಸಾಸ್ಟ್‌ಗೆ ಸಂಬಂಧವೇ ಇಲ್ಲದೆ ಎಕ್ಸಾಸ್ಟ್ ಹೆಸರು ಕೆಡಿಸುವಂಥವು.

ಪೈಪಿನ ತಪ್ಪು ಸಾಮಾನ್ಯವಾಗಿ ಬಾಗಿನಲ್ಲಿ. ಕೆಲವು ಮಷೀನುಗಳು ಪೈಪನ್ನು ಒತ್ತಿ ಬಗ್ಗಿಸುತ್ತವೆ, ಬಾಗಿದ ಕಡೆ ಅದು ಚಪ್ಪಟೆಯಾಗುತ್ತದೆ. ಹೊರಗೆ ಎರಡೂವರೆ ಇಂಚು ಪೈಪು ಹಾಕಿಸಿ, ಒಳಗೆ ನಾಲ್ಕು ಕಡೆ ಹಿಂಡಿದ್ದರೆ ಏನು ಬಂತು? ಒಂದೇ ದಪ್ಪ ಉಳಿಸಿಕೊಂಡು ಬಾಗುವ ಮ್ಯಾಂಡ್ರೆಲ್ ಬೆಂಡ್ ತುಂಡುಗಳು ಸಿಗುತ್ತವೆ, ಅವನ್ನು ತರಿಸಿ ಬೆಸೆಯುವುದು ಮೇಲು. ಹಾಗಂತ ಪೈಪು ದಪ್ಪವಾದಷ್ಟೂ ಒಳ್ಳೆಯದು ಅನ್ನುವುದೂ ಸುಳ್ಳು. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಇಂಜಿನ್ನಿಗೆ ತೀರಾ ದಪ್ಪ ಪೈಪು ಹಾಕಿದರೆ ಹೊಗೆಯ ವೇಗ ತಗ್ಗಿ, ಕೆಳಗಿನ ಗೇರಿನ ಎಳೆತವೇ ಹೋಗುತ್ತದೆ.

ಬಿಎಸ್-6 ಡೀಸೆಲ್‌ನಲ್ಲಿ ಡಿಪಿಎಫ್ ದೀಪ ಹತ್ತಿದರೆ ಕಥೆ ಬೇರೆ. ಅದರೊಳಗಿನ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು, ತೋಟದ ಸಣ್ಣ ಓಡಾಟದಲ್ಲಿ ಅದು ಆಗುವುದಿಲ್ಲ. ಗಾಡಿಯ ಕೈಪಿಡಿ ಹೇಳಿದ ಹಾಗೆ ಹಾಸನ–ಚನ್ನರಾಯಪಟ್ಟಣದಂಥ ನೇರ ರಸ್ತೆಯಲ್ಲಿ ನಿಲ್ಲಿಸದೆ ಓಡಿಸಿದರೆ ಹೆಚ್ಚಾಗಿ ಸರಿಯಾಗುತ್ತದೆ. ದೀಪ ಮಿನುಗುತ್ತಿದ್ದರೆ, ಇಂಜಿನ್ ದೀಪವೂ ಹತ್ತಿದ್ದರೆ, ಗಾಡಿ ತಾನೇ ಪವರ್ ಕಡಿಮೆ ಮಾಡಿಕೊಂಡಿದ್ದರೆ ಸರ್ವೀಸ್ ಸೆಂಟರ್‌ಗೆ ಹೋಗಿ ಸ್ಕ್ಯಾನರ್ ಹಾಕಿಸಿ. "ಅದನ್ನು ಒಡೆದು ಖಾಲಿ ಮಾಡಿ ಕೊಡ್ತೀನಿ" ಅನ್ನುವವರ ಮಾತು ಕೇಳಬೇಡಿ. ಹೊಗೆ ಜಾಸ್ತಿಯಾಗುತ್ತದೆ, ಸೆನ್ಸರ್ ಸುಮ್ಮನಿರುವುದಿಲ್ಲ, ಕಾನೂನೂ ಸುಮ್ಮನಿರುವುದಿಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ಇನ್ನೊಂದು ಎಚ್ಚರ. ಮಸಿ ಸುಟ್ಟ ಕೂಡಲೇ ಪೈಪು ಕೆಂಡದಂತಿರುತ್ತದೆ. ಒಣ ಹುಲ್ಲು, ತರಗೆಲೆ, ಕಾಫಿ ಹೊಟ್ಟಿನ ಮೇಲೆ ಗಾಡಿ ನಿಲ್ಲಿಸಬೇಡಿ. ಬಾಬಾಬುಡನ್‌ಗಿರಿ ಕಡೆಯ ಒಣ ಹುಲ್ಲಿಗೆ ಕಿಡಿ ತಗಲಿದರೆ ಆರಿಸುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಗೊತ್ತು.

ಪೈಪಿನಿಂದ ನೀರು, ಬಿಳಿ ಹೊಗೆ

ಚಳಿಯ ಬೆಳಿಗ್ಗೆ ನಾಲ್ಕು ಹನಿ ನೀರು, ತೆಳು ಬಿಳಿ ಆವಿ ಬಂದರೆ ಅದು ತೊಂದರೆಯಲ್ಲ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಅಥವಾ ನೀಲಿ ಹೊಗೆ ಬಂದು ಆಯಿಲ್ ಕಡಿಮೆಯಾಗುತ್ತಿದ್ದರೆ ಅದು ಇಂಜಿನ್ ಅಥವಾ ಟರ್ಬೊ ಕಾಯಿಲೆ, ಪೈಪಿನದ್ದಲ್ಲ. ಡಬ್ಬಿಯ ತೀರಾ ಕೆಳಗಿನ ಜಾಗದಲ್ಲಿ 2–3 ಎಂಎಂ ತೂತು ಇದ್ದರೆ ಅದನ್ನು ಮುಚ್ಚಬೇಡಿ, ನೀರು ಹೋಗಲೆಂದೇ ಇಟ್ಟಿದ್ದು.

ಅದೇ ವೆಲ್ಡಿಂಗ್ ಮತ್ತೆ ಮತ್ತೆ ಬಿರುಕು

ಒಂದೇ ಜಾಗ ಎರಡನೇ ಸಲ ಬಿಟ್ಟರೆ ಅದರ ಮೇಲೆ ಇನ್ನಷ್ಟು ವೆಲ್ಡಿಂಗ್ ಸುರಿಸಬೇಡಿ. ಬೆಸುಗೆ ಬಿಟ್ಟಿದ್ದು ಹೆಚ್ಚಾಗಿ ಬೆಸುಗೆಯ ತಪ್ಪಿಗಲ್ಲ, ಪೈಪಿಗೆ ಅಲ್ಲಾಡಲು ಜಾಗ ಇಲ್ಲದ್ದಕ್ಕೆ. ಲೆಕ್ಕ ನೋಡಿ. 3 ಮೀಟರ್ ಉದ್ದದ ಮಾಮೂಲಿ ಸ್ಟೀಲ್ ಪೈಪು 300 ಡಿಗ್ರಿ ಬಿಸಿ ಏರಿದಾಗ ಸುಮಾರು 11 ಎಂಎಂ ಉದ್ದವಾಗುತ್ತದೆ. 304 ಎಂಬ ಬಗೆಯ ಸ್ಟೇನ್‌ಲೆಸ್ ಆದರೆ ಸುಮಾರು 16 ಎಂಎಂ. ಅದರ ಜೊತೆಗೆ ಇಂಜಿನ್ ತನ್ನ ಮೌಂಟಿಂಗ್ ಮೇಲೆ ತೂಗುತ್ತದೆ. ಇದೆಲ್ಲ ಎಲ್ಲಿ ಹೋಗಬೇಕು?

ಹಾಗಾಗಿ ಇಂಜಿನ್ ಹತ್ತಿರ ಫ್ಲೆಕ್ಸ್ ಪೈಪು (ಜಾಲರಿ ಹೊದಿಸಿದ, ಬಾಗುವ ತುಂಡು) ಇದೆಯಾ ನೋಡಿ. ಇದ್ದರೆ ಅದರ ಜಾಲರಿ ಹರಿದಿದೆಯಾ, ಕೂರಿಸುವಾಗಲೇ ತಿರುಚಿ ಬೆಸೆದಿದ್ದಾರಾ ನೋಡಿ. ಹಿಂದಿನ ಹ್ಯಾಂಗರ್‌ಗಳು ಮುಂದಕ್ಕೂ ಹಿಂದಕ್ಕೂ ಸರಿಯುವಂತಿರಬೇಕು. ಪೈಪಿನ ಭಾರ ಟರ್ಬೊ ಮೇಲೆ ನೇತಾಡಬಾರದು, ಅಲ್ಲಿ ಬಿರುಕು ಬಿಟ್ಟರೆ ಹೋಗುವುದು ಪೈಪಲ್ಲ, ದುಬಾರಿ ಟರ್ಬೊ. ಸ್ಟೇನ್‌ಲೆಸ್ ಪೈಪನ್ನು ಮಾಮೂಲಿ ಸ್ಟೀಲ್‌ಗೆ ಬೆಸೆದಿದ್ದರೆ 309ಎಲ್ ಫಿಲ್ಲರ್ (ಈ ಎರಡನ್ನು ಬೆಸೆಯಲು ಬಳಸುವ ವೈರ್) ಬಳಸಿದ್ದಾರಾ ಕೇಳಿ. ಮಾಮೂಲಿ ವೈರ್‌ನಲ್ಲಿ ಬೆಸೆದಿದ್ದರೆ ಅಲ್ಲಿ ಬೇಗ ಬಿರುಕು, ತುಕ್ಕು ಬರುತ್ತದೆ.

ನೀರಿನ ಜಿಐ ಪೈಪು ಸಿಕ್ಕಿತು ಅಂತ ಅದರಲ್ಲೇ ಮಾಡಿಕೊಟ್ಟಿರುವುದನ್ನೂ ನೋಡಿದ್ದೇನೆ. ಅದರ ಮೇಲಿನ ಸತು ವೆಲ್ಡಿಂಗ್ ಬಿಸಿಗೆ ಹೊಗೆಯಾಗುತ್ತದೆ. ಉಸಿರಾಡಿದವರಿಗೆ ಕೆಲವು ಗಂಟೆಯ ನಂತರ ಚಳಿಜ್ವರ, ಮೈಕೈ ನೋವು ಬರುತ್ತದೆ. ಅಂಥ ಪೈಪಿಗೆ ಮರುವೆಲ್ಡಿಂಗ್ ಬೇಡ, ಬಿಚ್ಚಿ ಬದಲಿಸಿ.

ಗಾಡಿಯ ಮೇಲೇ ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ, ಅರ್ಥ್ ಕ್ಲಾಂಪ್ ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ, ಇಲ್ಲದಿದ್ದರೆ ಇಸಿಯು ಸುಡುವ ಸಾಧ್ಯತೆ ಇದೆ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗಕ್ಕೆ ಬೆಂಕಿ ತೋರಿಸಬೇಡಿ. ಕ್ಲೋರಿನ್ ಇರುವ ಕ್ಲೀನರ್ ಬಿಸಿಗೆ ವಿಷಗಾಳಿಯಾಗುತ್ತದೆ. ಡೀಸೆಲ್ ಟ್ಯಾಂಕ್ ಪಕ್ಕದ ಭಾಗವಾದರೆ ಪೈಪನ್ನು ಬಿಚ್ಚಿ ಹೊರಗೆ ತಂದೇ ಬೆಸೆಯಬೇಕು. ಅಳತೆಗೆ ಒಂದೆರಡು ಟ್ಯಾಕ್ (ಚುಕ್ಕೆಯಷ್ಟು ತಾತ್ಕಾಲಿಕ ಬೆಸುಗೆ) ಹಾಕುವಾಗ ಗಾಡಿ ಚಕ್ರದ ಮೇಲೆ ನಿಂತಿರಲಿ. ಡಾಲಾದಲ್ಲಿ ನೀವು ದಿನಾ ಹೇರುವಷ್ಟು ಭಾರವೂ ಇರಲಿ.